ಪೆಪ್ಪರಮೆಂಟೂ ಸತ್ಯವೂ

ಬಸ್ಸಿನಲ್ಲಿ ಆಗುವ ವಾಂತಿ ತತ್ತ್ವವಿಚಾರಕ್ಕೆ ತಕ್ಕ ವಸ್ತುವೆಂದು ಯಾರೂ ತಿಳಿಯಲಾರರು. ನಮ್ಮ ಆಚಾರ್ಯರು ಹಗ್ಗದಲ್ಲಿ ಹಾವನ್ನು ಕಂಡರು, ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡರು. ಹೊಟ್ಟೆ ತೊಳಸಿ ಕಿಟಕಿಗೆ ತಲೆ ಕೊಟ್ಟು ಕುಳಿತ ಪ್ರಯಾಣಿಕನತ್ತ ಅವರ ದೃಷ್ಟಿ ಹರಿಯಲಿಲ್ಲ. ಅವರ ಕಾಲಕ್ಕೆ ಬಸ್ಸು ಇರಲಿಲ್ಲ ಎಂಬುದೂ ಒಂದು ಕಾರಣವಿರಬಹುದು. ಆದರೂ, ಸುಳ್ಳು ಹಿತ ಮಾಡಬಲ್ಲುದೇ, ಮಾಡಿದ ಮೇಲೂ ಅದು ಸುಳ್ಳಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಇಷ್ಟು ಹತ್ತಿರದಲ್ಲಿ ಮತ್ತೆಲ್ಲೂ ನನಗೆ ಎದುರಾಗಿಲ್ಲ.

ಕ್ಯಾಸಂಬಳ್ಳಿಯ ಕಡೆಯದು ಬಯಲುಸೀಮೆ. ಬಂಗಾರಪೇಟೆಗೋ ಕೋಲಾರಕ್ಕೋ ಹೋಗಿಬರುವಾಗ ಹೊಟ್ಟೆಗಳು ಅಷ್ಟಾಗಿ ತಕರಾರು ಮಾಡುವುದಿಲ್ಲ. ನಮ್ಮವರಿಗೆ ಘಟ್ಟದ ಪರಿಚಯವಾಗುವುದು ತಿರುಪತಿಯ ದಾರಿಯಲ್ಲಿ. ಪಲಮನೇರು ದಾಟಿ ಮೊಗಿಲಿ ಘಟ್ಟ ಇಳಿಯತೊಡಗಿದರೆ ಸಾಕು, ಚೀಲಗಳಿಂದ ಔಷಧಗಳು ಹೊರಬರುತ್ತವೆ. ಒಬ್ಬರು ನಿಂಬೆಹಣ್ಣು ಮೂಸುತ್ತಾರೆ. ಒಬ್ಬರು ಹುಣಿಸೆಹಣ್ಣನ್ನೋ ಶುಂಠಿಯ ಚೂರನ್ನೋ ಬಾಯಿಗೆ ಹಾಕಿಕೊಳ್ಳುತ್ತಾರೆ. ಮತ್ತೊಬ್ಬರು ಸೀಟಿನ ಮೇಲೆ ವೃತ್ತಪತ್ರಿಕೆ ಹಾಸಿ ಅದರ ಮೇಲೆ ಕೂರುತ್ತಾರೆ. ಪತ್ರಿಕೆಯಿಂದ ಇಂಥದೊಂದು ಉಪಯೋಗವೂ ಉಂಟೆಂದು ಸಂಪಾದಕರು ಸಂತೋಷಪಡಬಹುದು. ಓದಿದವರು ಅವೋಮಿನ್ ನುಂಗಿ ನಿದ್ದೆ ಹೋಗುತ್ತಾರೆ.

ಇದೆಲ್ಲ ಮನಸ್ಸಿನ ಭ್ರಮೆ ಎಂದುಬಿಡುವುದು ಸುಲಭ. ಆದರೆ ಕಾಯಿಲೆ ಭ್ರಮೆಯಲ್ಲ. ಕಣ್ಣು ಮುಂದಿನ ಸೀಟಿನ ಬೆನ್ನನ್ನು ನೋಡಿ ‘ಅಲುಗಾಡದೆ ಕುಳಿತಿದ್ದೇವೆ’ ಎನ್ನುತ್ತದೆ. ಒಳಗಿವಿಯಲ್ಲಿರುವ ಸಮತೋಲದ ಅಂಗ ‘ಓಲಾಡುತ್ತಿದ್ದೇವೆ’ ಎನ್ನುತ್ತದೆ. ಸಾಕ್ಷಿಗಳಿಬ್ಬರ ಹೇಳಿಕೆ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ. ದಂಡ ತೆರುವುದು ಹೊಟ್ಟೆ. ಹುಟ್ಟುಕಿವುಡರಲ್ಲಿ ಅನೇಕರಿಗೆ, ಗರಗರ ತಿರುಗಿಸಿದರೂ ತಲೆ ಸುತ್ತುವುದಿಲ್ಲವೆಂದು ವಿಲಿಯಂ ಜೇಮ್ಸ್ 1882ರಲ್ಲೇ ತೋರಿಸಿದ್ದ.

ಮಾತಿನಿಂದ ಹೊಟ್ಟೆ ತಣಿಯುತ್ತದೆ ಎಂಬುದೂ ಅಷ್ಟೇ ನಿಜ. 1995ರಲ್ಲಿ ಈಡನ್ ಮತ್ತು ಜುಕ್ ಎಂಬುವರು ಇಸ್ರೇಲಿನ ನೌಕಾಪಡೆಯ 25 ಮಂದಿ ಅಭ್ಯರ್ಥಿಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಅವರಲ್ಲಿ ಕೆಲವರಿಗೆ ‘ನಿಮಗೆ ಕಡಲಕಾಯಿಲೆ ಬರುವ ಸಂಭವ ಕಡಿಮೆ’ ಎಂದು ಧೈರ್ಯ ಹೇಳಿದ್ದರು. ಮಾತ್ರೆಯಿಲ್ಲ, ನಿಂಬೆಹಣ್ಣಿಲ್ಲ, ಬರಿಯ ಮಾತು. ಅವರಿಗೆ ಉಳಿದವರಿಗಿಂತ ಕಡಿಮೆ ಸಂಕಟವಾಯಿತು. ಕೆಲಸವನ್ನೂ ಹೆಚ್ಚು ಚೆನ್ನಾಗಿ ಮಾಡಿದರು. 2010ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು 60 ಬಗೆಯ ಕಾಯಿಲೆಗಳ 202 ಪ್ರಯೋಗಗಳನ್ನು ಜಾಲಿಸಿ ನೋಡಿದರು. ಹುಸಿಮದ್ದಿಗೆ ಜನ ಆರೋಪಿಸುವ ಮಹಿಮೆಯ ಬಹುಭಾಗ ಜರಡಿಯಲ್ಲಿ ಹೊಟ್ಟಾಗಿ ಹೋಯಿತು. ಉಳಿದ ಕಾಳಿನಲ್ಲಿ ಮುಖ್ಯವಾದವು ಎರಡು: ನೋವು ಮತ್ತು ವಾಕರಿಕೆ. ಎರಡೂ ಅನುಭವಿಸುವವನು ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುವಂಥವು.

ಈ ದಾರಿ ನೇರವಾಗೇನೂ ಇಲ್ಲ. 2006ರ ಇನ್ನೊಂದು ಪ್ರಯೋಗದಲ್ಲಿ, ತಿರುಗುವ ಪೀಪಾಯಿಯೊಳಗೆ ಕೂರಿಸುವ ಮುನ್ನ ಕೆಲವರಿಗೆ ‘ಈ ಗುಳಿಗೆಯಿಂದ ವಾಕರಿಕೆ ಹೆಚ್ಚಾದೀತು’ ಎಂದು ಹೆದರಿಸಿ ಕೊಟ್ಟರು. ಕಾಪಾಡುತ್ತದೆ ಎಂಬ ಭರವಸೆ ಪಡೆದವರಿಗಿಂತ ಹೆದರಿದವರಿಗೇ ವಾಕರಿಕೆ ಕಡಿಮೆಯಾಯಿತು! ಕೇಡನ್ನು ನಿರೀಕ್ಷಿಸಿದವನಿಗೆ ಬಂದದ್ದು ಅಲ್ಪವಾಗಿ ತೋರಿತೋ ಏನೋ.

ಇನ್ನು ನಾನು ಕಂಡದ್ದು. ಇಂಥದೊಂದು ಪ್ರಯಾಣದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ಅವಳ ಜೊತೆಗೆ ಏಳೆಂಟು ವರ್ಷದ ಮೊಮ್ಮಗ. ಘಟ್ಟ ಶುರುವಾಗುತ್ತಲೇ ಹುಡುಗನ ಮುಖ ಬಿಳಿಚಿಕೊಂಡಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಿಳಿಯದೊಂದನ್ನು ತೆಗೆದು, “ಚೀಪ್ಕೋ ಮಗಾ, ನುಂಗ್ಬೇಡ. ಡಾಕ್ಟ್ರು ಕೊಟ್ಟಿರೋ ಮಾತ್ರೆ. ಇನ್ನು ವಾಂತಿ ಬರಲ್ಲ” ಎಂದಳು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ, “ಪೆಪ್ಪರಮೆಂಟು ಸ್ವಾಮಿ. ಹೇಳ್ಬೇಡಿ” ಎಂದಳು. ಹುಡುಗ ಚೀಪಿದ. ಅವನ ಮುಖಕ್ಕೆ ಬಣ್ಣ ಬಂತು. ನನ್ನ ಮುಖದ ಬಣ್ಣ ಅವನಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. “ಆ ಅಂಕಲ್‌ಗೂ ಒಂದು ಕೊಡಜ್ಜಿ, ಪಾಪ” ಎಂದ. ಅಜ್ಜಿ ನಗು ತಡೆದುಕೊಂಡು ಕೊಟ್ಟಳು. ಗೊತ್ತಿದ್ದೂ ಚೀಪಿದೆ.

ಆ ಹೊತ್ತಿನಲ್ಲಿ ನನಗೆ ನೆನಪಾದವನು ಅಶ್ವತ್ಥಾಮ. ಬಡ ದ್ರೋಣನ ಮಗ, ಹಾಲು ಕಾಣದ ಕೂಸು, ಹಿಟ್ಟು ಕದಡಿದ ನೀರು ಕುಡಿದು ‘ಹಾಲು ಕುಡಿದೆ’ ಎಂದು ಕುಣಿದಾಡಿದ. ನಮ್ಮ ಜನ ಹೇಳುವ ಕಥೆಯಲ್ಲಿ ಅದನ್ನು ಕೊಟ್ಟವಳು ತಾಯಿ. ವ್ಯಾಸಭಾರತದಲ್ಲಿ ಕೊಟ್ಟವರು ಜೊತೆಯ ಹುಡುಗರು, ಅದೂ ಮರುಳು ಮಾಡಿ. ನೀರು ಅದೇ, ಹಿಟ್ಟು ಅದೇ, ಮಗುವಿನ ಸಂತೋಷವೂ ಅದೇ. ನಿಜ ತಿಳಿದ ದಿನ ಮಾತ್ರ ಒಂದು ಲೋಟದಲ್ಲಿ ತಾಯಿಯ ಸಂಕಟ ಕಾಣುತ್ತದೆ, ಇನ್ನೊಂದರಲ್ಲಿ ಗೆಳೆಯರ ನಗು.

ಹಾಗಾದರೆ ಕೊಡುವವರ ಮನಸ್ಸು ಒಳ್ಳೆಯದಿದ್ದರೆ ಸಾಕೇ? ನನಗೆ ಹಾಗೆ ತೋರುವುದಿಲ್ಲ. 1950ರಲ್ಲಿ ಅಮೆರಿಕದ ಸ್ಟೀವರ್ಟ್ ವುಲ್ಫ್ ಎಂಬ ವೈದ್ಯ ಒಂದು ಪ್ರಯೋಗವನ್ನು ಬರೆದಿಟ್ಟ. ಬಸುರಿಯೊಬ್ಬಳು ಬಿಡದ ವಾಂತಿಯಿಂದ ಬಳಲುತ್ತಿದ್ದಳು. ‘ವಾಂತಿ ನಿಲ್ಲಿಸುವ ಮದ್ದು’ ಎಂದು ಹೇಳಿ ನಳಿಕೆಯ ಮೂಲಕ ಅವಳ ಹೊಟ್ಟೆಗೆ ಇಳಿಸಿದ್ದು ಇಪಿಕಾಕ್. ಅಂದರೆ ವಾಂತಿ ಮಾಡಿಸುವುದಕ್ಕೆಂದೇ ಇರುವ ಮದ್ದು. ಅವಳ ವಾಕರಿಕೆ ಅಡಗಿತು. ಜಠರ ಎಂದಿನಂತೆ ಮಿಡಿಯತೊಡಗಿದ್ದನ್ನು ಯಂತ್ರವೇ ಬರೆದುಕೊಂಡಿತು. ವಿಜ್ಞಾನಕ್ಕೆ ಇದು ಬಹು ಸೊಗಸಾದ ಪುರಾವೆ. ಆದರೂ ಅದನ್ನು ಓದುವಾಗ ನನಗೆ ಮುಜುಗರವಾಗುತ್ತದೆ. ಆ ವೈದ್ಯ ಕೆಡುಕನೇನಲ್ಲ. ಆದರೆ ಮದ್ದು ತನ್ನ ಸ್ವಭಾವದಂತೆ ನಡೆದಿದ್ದರೆ ಕಷ್ಟಪಡುತ್ತಿದ್ದವಳು ಅವಳು. ಅಜ್ಜಿಯ ಸುಳ್ಳು ಫಲಿಸದಿದ್ದರೆ ಹುಡುಗನ ವಾಂತಿಯನ್ನು ಬಳಿಯುವವಳು ಅಜ್ಜಿಯೇ.

ಅಜ್ಜಿಯ ಮಾತನ್ನೂ ಒಮ್ಮೆ ತಿರುವಿ ನೋಡಬೇಕು. ಅವಳು ಪೆಪ್ಪರಮೆಂಟಿನ ಬಗ್ಗೆ ಆಡಿದ ಸುಳ್ಳು ಚಿಕ್ಕದು. ಪುದೀನಕ್ಕೆ ತನ್ನದೇ ಆದ ಗುಣವೂ ಇದ್ದೀತು. ಅವಳ ದೊಡ್ಡ ಸುಳ್ಳು ‘ಡಾಕ್ಟ್ರು ಕೊಟ್ಟಿದ್ದು’ ಎಂಬುದು. ತನ್ನ ಕೈಯಿಂದ ಕೊಟ್ಟದ್ದು ಮೊಮ್ಮಗನಿಗೆ ಸಾಲದೆಂದು ಅವಳೇ ತೀರ್ಮಾನಿಸಿ, ಯಾರೋ ವೈದ್ಯರು ನಿಜದ ಮದ್ದು ಕೊಟ್ಟು ಗಳಿಸಿಟ್ಟ ನಂಬಿಕೆಯನ್ನು ಕಡ ತಂದಳು. ನಾಳೆ ಹುಡುಗನಿಗೆ ಕಾಮಾಲೆಯಾಗಿ ವಾಂತಿಯಾದಾಗ ಅದೇ ನಂಬಿಕೆಯಿಂದಲೇ ಅವನು ನಿಜದ ಡಾಕ್ಟರ ಮುಂದೆ ಬಾಯಿ ತೆರೆಯಬೇಕು. ಅಷ್ಟರಲ್ಲಿ ಅದು ಸವೆದಿರಬಾರದು.

ಈ ಕಡ ಬೇಕೇಬೇಕೆ? ಹಾರ್ವರ್ಡ್‌ನ ಟೆಡ್ ಕ್ಯಾಪ್ಟ್‌ಚಕ್ ಮತ್ತು ಸಂಗಡಿಗರು ಕರುಳಿನ ತೊಂದರೆಯಿದ್ದ 80 ಮಂದಿಯಲ್ಲಿ ಕೆಲವರಿಗೆ, ಇದರಲ್ಲಿ ಔಷಧವಿಲ್ಲ, ಸಕ್ಕರೆ ಗುಳಿಗೆಯಂಥದು ಎಂದು ಮುಚ್ಚುಮರೆಯಿಲ್ಲದೆ ಹೇಳಿಯೇ ಗುಳಿಗೆ ಕೊಟ್ಟು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನನ್ನೂ ಪಡೆಯದವರಿಗಿಂತ ಅವರಿಗೆ ಹೆಚ್ಚು ಗುಣ ಕಂಡಿತು. ಗುಳಿಗೆಯ ಜೊತೆಗೆ ಭರವಸೆಯ ಮಾತನ್ನೂ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಆ ಮಾತನ್ನು ತೆಗೆದರೆ ಗುಳಿಗೆ ಏನು ಮಾಡುತ್ತಿತ್ತೋ. ನನ್ನ ಪೆಪ್ಪರಮೆಂಟಿನ ವಿಷಯವೂ ಅಷ್ಟೆ. ಅಂದು ನನಗೆ ವಾಂತಿಯಾಗಲಿಲ್ಲ. ಪುದೀನದಿಂದಲೋ, ಅದನ್ನು ಕೊಡಿಸಿದ ಹುಡುಗನ ‘ಪಾಪ’ ಎಂಬ ಮಾತಿನಿಂದಲೋ ಬೇರ್ಪಡಿಸಿ ಹೇಳಲಾರೆ.

ಆ ಅಜ್ಜಿ ಮತ್ತೆ ತಿರುಪತಿಗೆ ಹೊರಟರೆ ಡಾಕ್ಟರ ಹೆಸರನ್ನು ಊರಲ್ಲೇ ಬಿಟ್ಟು ಬರಲಿ ಎಂದು ನನ್ನ ಆಸೆ. “ನಾನು ಕೊಡ್ತೀನಿ, ಚೀಪು” ಎಂದು ಒಮ್ಮೆ ಹೇಳಿ ನೋಡಲಿ. ಹುಡುಗನಿಗೆ ವಾಂತಿಯಾದರೂ ಆಗಬಹುದು. ಘಟ್ಟ ಇಳಿದ ಮೇಲೆ ಚಿತ್ತೂರಿನಲ್ಲಿ ಬಸ್ಸು ಹೇಗೂ ನಿಲ್ಲುತ್ತದೆ. ಅಲ್ಲಿ ಮುಖ ತೊಳೆಸಬಹುದು.