ಸುಮ್ಮನಿದ್ದವನ ಲೆಕ್ಕ

ಗಾಲ್ಫ್ ಎಂದರೆ ದುಡ್ಡಿದ್ದವರು ಹುಲ್ಲಿನ ಮೇಲೆ ಮಾಡುವ ವಾಯುವಿಹಾರವೆಂದು ನಮ್ಮಲ್ಲಿ ಅನೇಕರ ಭಾವನೆ. ನಾನೂ ಹಾಗೆಯೇ ತಿಳಿದಿದ್ದೆ. ಕೆಲಸದಿಂದ ನಿವೃತ್ತನಾದ ಮೇಲೆ ಮಿತ್ರರೊಬ್ಬರು ಎಳೆದುಕೊಂಡು ಹೋದದ್ದರಿಂದ ಪಿಲಿಕುಳದ ಗುಡ್ಡದ ಮೇಲೆ ಮೊದಲ ಬಾರಿಗೆ ಕೋಲು ಹಿಡಿದೆ. ಆಟ ಇಂದಿಗೂ ಸರಿಯಾಗಿ ಬಂದಿಲ್ಲ. ಆದರೆ ಆ ಆಟದ ಒಂದು ನಿಯಮ ನನ್ನ ನಿದ್ದೆ ಕೆಡಿಸಿದ್ದುಂಟು. ಅದನ್ನು ಓದುಗರ ಮುಂದಿಡುತ್ತೇನೆ.

ದೂರ ಅಳೆಯುವ ಯಂತ್ರವೊಂದಿದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕಣ್ಣಿಗಿಟ್ಟು, ಬಾವುಟಕ್ಕೆ ಗುರಿ ಹಿಡಿದು ಗುಂಡಿ ಒತ್ತಿದರೆ ಇಷ್ಟು ಗಜ ಎಂದು ಲೆಕ್ಕ ಹೇಳುತ್ತದೆ. ಹಿಂದೆ ಇದು ನಿಷಿದ್ಧವಾಗಿತ್ತು. ಸ್ಪರ್ಧೆ ನಡೆಸುವವರು ವಿಶೇಷವಾಗಿ ಅನುಮತಿ ಕೊಟ್ಟರೆ ಮಾತ್ರ ಬಳಸಬಹುದಿತ್ತು. 2019ರ ಹೊಸ ನಿಯಮಾವಳಿ ಇದನ್ನು ತಿರುವಿಹಾಕಿತು. ಈಗ ಬೇಡವೆಂದು ಹೇಳದಿದ್ದರೆ ಬಳಸಬಹುದು. 2021ರಲ್ಲಿ ಅಮೆರಿಕದ ಪಿಜಿಎ ಚಾಂಪಿಯನ್‌ಶಿಪ್ಪಿನಲ್ಲೂ ಇದಕ್ಕೆ ಪ್ರವೇಶ ಸಿಕ್ಕಿತು. ಆದರೂ ಒಂದು ಗೆರೆ ಉಳಿದಿದೆ. ದೂರವನ್ನು ಅಳೆಯಬಹುದು, ಏರುತಗ್ಗನ್ನು ಅಳೆಯಬಾರದು. ಗುಡ್ಡ ಹತ್ತುವ ಚೆಂಡಿಗೆ ಎಷ್ಟು ಬಲ ಹೆಚ್ಚು ಬೇಕೆಂಬುದನ್ನು ಆಟಗಾರ ತನ್ನ ಕಣ್ಣಿನಿಂದಲೇ ತಿಳಿಯಬೇಕು. ಯಂತ್ರದಲ್ಲಿ ಆ ಸೌಲಭ್ಯ ಇದ್ದರೆ ತಪ್ಪಲ್ಲ, ಬಳಸಿದರೆ ತಪ್ಪು. ಮೊದಲ ಸಲಕ್ಕೆ ಎರಡು ಏಟಿನ ದಂಡ. ಬೇರೆ ಸಂದರ್ಭದಲ್ಲಿ ಮತ್ತೊಮ್ಮೆ ನಿಯಮ ಮುರಿದರೆ ಸ್ಪರ್ಧೆಯಿಂದಲೇ ಹೊರಗೆ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸ್ಪರ್ಧೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲ ಗೊತ್ತಲ್ಲ, ನಾಲ್ಕು ಹೆಜ್ಜೆಗೊಂದು ಏರು, ಐದು ಹೆಜ್ಜೆಗೊಂದು ಇಳಿತ. ಒಂದು ಏರಿನ ಬುಡದಲ್ಲಿ ನನ್ನ ಏಟು ಮುಗಿದಿತ್ತು. ಮಿತ್ರರು ಯಂತ್ರವನ್ನು ಕಣ್ಣಿಗಿಟ್ಟು, “ಅಳತೆ ನೂರೈವತ್ತು, ಗುಡ್ಡ ಸೇರಿಸಿದರೆ ನೂರ ಅರುವತ್ತೊಂದು, ಮಾರಾಯ್ರೆ” ಎಂದು ಸಂತೋಷದಿಂದ ಹೇಳಿ, ಕೋಲು ಬದಲಿಸಿ ಹೊಡೆದರು. ಚೆಂಡು ಚೆನ್ನಾಗಿ ಹೋಯಿತು. ನನಗೆ ನಿಯಮ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲವೆಂಬುದು ಆ ಸಂತೋಷದಲ್ಲೇ ಕಾಣುತ್ತಿತ್ತು. ಮಗಳ ಮದುವೆಯ ದಿನ ನನ್ನ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಊಟದ ಪಂಕ್ತಿ ನೋಡಿಕೊಂಡವರು ಅವರು. ನಾನು ಸುಮ್ಮನಾದೆ. ಸುಮ್ಮನಾದದ್ದು ದೊಡ್ಡತನವೆಂದೂ ಎಣಿಸಿದೆ.

ಸಂಜೆ ಲೆಕ್ಕವಾದಾಗ ಮಿತ್ರರು ಒಂದೇ ಏಟಿನಿಂದ ಗೆದ್ದಿದ್ದರು. ಎರಡನೆಯವನು, ಹಿಂದೆ ಬೇರೆಯವರ ಚೀಲ ಹೊತ್ತು ಆಟ ಕಲಿತ ಒಬ್ಬ ಹುಡುಗ. ಬಂದು ಕೈಕುಲುಕಿ, “ಒಳ್ಳೆಯ ಆಟ ಸರ್” ಎಂದ. ಆಗ ನನ್ನ ದೊಡ್ಡತನ ಗಂಟಲಲ್ಲಿ ಸಿಕ್ಕಿಕೊಂಡಿತು.

ನಿಯಮಾವಳಿ ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದೆ. ಒಬ್ಬರಿಗೊಬ್ಬರು ಎದುರಾಗಿ ಆಡುವಾಗ ಎದುರಾಳಿಯ ತಪ್ಪನ್ನು ನಾನು ಕಂಡೂ ಬಿಟ್ಟುಬಿಡಬಹುದು. ಇಬ್ಬರೂ ಸೇರಿ ಒಪ್ಪಂದ ಮಾಡಿಕೊಳ್ಳಬಾರದು, ಅಷ್ಟೆ. ಎಲ್ಲರ ಏಟುಗಳನ್ನೂ ಎಣಿಸಿ ನಿರ್ಧರಿಸುವ ಆಟದಲ್ಲಿ ಹಾಗಲ್ಲ. ಕಂಡ ತಪ್ಪನ್ನು ಆಡಿದವನಿಗೋ, ಅವನ ಅಂಕ ಬರೆಯುವವನಿಗೋ, ಸಮಿತಿಗೋ ಹೇಳಬೇಕು. ಅಂಕದ ಚೀಟಿ ಒಪ್ಪಿಸುವ ಮೊದಲೇ ಹೇಳಬೇಕು. ಹೇಳದವನ ನಡತೆ ಗಂಭೀರವಾದದ್ದೆಂದು ಸಮಿತಿಗೆ ಕಂಡರೆ ಅವನನ್ನೇ ಹೊರಹಾಕಬಹುದು.

ಇದೇನು, ಚಾಡಿ ಹೇಳುವುದೂ ಧರ್ಮವೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ದಿನಸಿ ಅಂಗಡಿಯವನು ನನಗೆ ತೂಕದಲ್ಲಿ ಸ್ವಲ್ಪ ಕಡಿಮೆ ಕೊಟ್ಟರೆ ಹೋಗಲಿ ಎನ್ನಬಹುದು, ನಷ್ಟ ನನ್ನದು. ನನ್ನ ಹಿಂದೆ ನಿಂತ ಮಗುವಿಗೆ ಕಡಿಮೆ ತೂಗಿದಾಗಲೂ ಹೋಗಲಿ ಎಂದರೆ ಅದು ಕ್ಷಮೆಯಲ್ಲ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಚಾಡಿ ಬೆನ್ನ ಹಿಂದೆ ಹೋಗುತ್ತದೆ. ಮುಖಕ್ಕೆ ಮುಖ ಕೊಟ್ಟು ಹೇಳಿದ ಮಾತು ಚಾಡಿಯಾಗುವುದು ಹೇಗೆ?

1925ರ ಅಮೆರಿಕನ್ ಓಪನ್ನಿನಲ್ಲಿ ಬಾಬಿ ಜೋನ್ಸ್ ತನ್ನ ಚೆಂಡು ಸ್ವಲ್ಪ ಅಲುಗಿತೆಂದು ತಾನೇ ಹೇಳಿಕೊಂಡು ಒಂದು ಏಟಿನ ದಂಡ ಹಾಕಿಸಿಕೊಂಡ. ಕಡೆಗೆ ಸಮಬಲವಾಗಿ, ಮರುಪಂದ್ಯದಲ್ಲಿ ಒಂದೇ ಏಟಿನಿಂದ ಸೋತ. ಲೋಕ ಅವನನ್ನು ಇಂದಿಗೂ ಹೊಗಳುತ್ತದೆ. ಒಂದು ಏಟಿನ ಬೆಲೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರಿಗೂ ಗೊತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ಪದಕಕ್ಕೆ ಒಂದೇ ಏಟಿನ ಹಿಂದೆ ನಾಲ್ಕನೆಯವರಾದರು. ಆದರೆ ಜೋನ್ಸ್ ಕೊಟ್ಟದ್ದು ತನ್ನ ಕೈಯಿಂದ. ಮಿತ್ರನ ತಪ್ಪನ್ನು ಹೇಳುವವನನ್ನು ಯಾರೂ ಹೊಗಳುವುದಿಲ್ಲ. ಅದಕ್ಕೇ ಅದು ಹೆಚ್ಚು ಕಷ್ಟ.

ಎಂಟು ದಿನಗಳ ಮೇಲೆ ಮಿತ್ರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಲ್ಲಿಯೇ ಹೇಳಬಾರದಿತ್ತೆ? ನಾನು ಕೋಪಿಸಿಕೊಳ್ಳುತ್ತೇನೆಂದು ಎಣಿಸಿದಿರೋ?” ಎಂದರು. ಅವರಿಗೆ ನೋವಾದದ್ದು ತಪ್ಪಿನಿಂದಲ್ಲ, ನನ್ನ ಅಪನಂಬಿಕೆಯಿಂದ. ಆಗಲೇ ಹೇಳಿದ್ದರೆ ಎರಡು ಏಟು ಬರೆಸಿ ನಕ್ಕುಬಿಡುತ್ತಿದ್ದರು. ತಿಳಿಯದೆ ಮಾಡಿದ ಇಂಥ ತಪ್ಪಿಗೆ ಸ್ಪರ್ಧೆ ಮುಗಿದ ಮೇಲೆ ದಂಡವಿಲ್ಲ, ಫಲಿತಾಂಶ ಬದಲಾಗಲಿಲ್ಲ. ಅವರಿಗೆ ನಿಯಮಾವಳಿಯಲ್ಲಿ ಮಾಫಿಯಿತ್ತು. ತಿಳಿದೂ ಸುಮ್ಮನಿದ್ದ ನನಗೆ ಅಂಥದೇನೂ ಅದರಲ್ಲಿ ಕಾಣಲಿಲ್ಲ. ಇಬ್ಬರೂ ಕೂಡಿ ಆ ಹುಡುಗನಲ್ಲಿಗೆ ಹೋಗಿ ವಿಷಯ ತಿಳಿಸಿದೆವು. “ಬಿಡಿ ಸರ್” ಎಂದ. ಆ ಮಾತನ್ನು ಆಡುವ ಹಕ್ಕು ಇದ್ದದ್ದು ಅವನೊಬ್ಬನಿಗೇ.

ಈಗ ಆಟಕ್ಕೆ ಮೊದಲೇ ಜೊತೆಯವರಿಗೆಲ್ಲ ಹೇಳುತ್ತೇನೆ: “ಏರುತಗ್ಗಿನ ಗುಂಡಿ ಆರಿಸಿದೆಯೇ, ಒಮ್ಮೆ ನೋಡಿಕೊಳ್ಳಿ.” ಕೆಲವರು ನಗುತ್ತಾರೆ, ನೋಡಿಕೊಳ್ಳುತ್ತಾರೆ. ಮಿತ್ರರಂತೂ ನಾನು ಬಾಯಿ ತೆರೆಯುವ ಮೊದಲೇ ಯಂತ್ರವನ್ನು ತೆಗೆದು ತೋರಿಸುತ್ತಾರೆ.