ಹೆಸರು ಕೂಗುವ ಮೇಜು

ಮತದಾನದ ದಿನ ಬೆಳಗಿನ ಏಳಕ್ಕೆ ನಾವು ಶಾಲೆಯ ಅಂಗಳದಲ್ಲಿ ಸಾಲು ನಿಲ್ಲುವ ಹೊತ್ತಿಗೆ ಒಳಗೆ ಒಂದು ಸುತ್ತಿನ ಮತದಾನ ಮುಗಿದಿರುತ್ತದೆ. ಅದು ಅಣಕು ಮತದಾನ. ಅಭ್ಯರ್ಥಿಗಳ ಏಜೆಂಟರ ಕಣ್ಣೆದುರು ಕನಿಷ್ಠ 50 ಓಟು ಹಾಕಿ, ಎಣಿಸಿ, ತಾಳೆ ನೋಡಿ, ಆಮೇಲೆ ಎಲ್ಲವನ್ನೂ ಅಳಿಸುತ್ತಾರೆ. ಹಾಕಿದ ಓಟನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದೊಳಗೆ ಬಿದ್ದ ಚೀಟಿಗಳು ಕಪ್ಪು ಲಕೋಟೆಗೆ ಹೋಗಿ ಸೀಲಾಗುತ್ತವೆ. ಯಂತ್ರದಲ್ಲಿ ಈಗ ಇರುವುದು ಸೊನ್ನೆ ಎಂದು ಎಲ್ಲರಿಗೂ ತೋರಿಸುತ್ತಾರೆ. ಹಿಂದಿನ ದಿನ ಚುನಾವಣಾ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದಿಂದ ಪೆಟ್ಟಿಗೆಗಳನ್ನು ಹೊತ್ತು ಬಸ್ಸಿನಲ್ಲಿ ಬಂದ ಮೇಷ್ಟ್ರುಗಳು, ಗುಮಾಸ್ತರು ಅದೇ ಕೋಣೆಯಲ್ಲಿ ರಾತ್ರಿ ಕಳೆದು, ನಸುಕಿಗೇ ಎದ್ದು ಇಷ್ಟು ಮಾಡಿರುತ್ತಾರೆ. ಅವರಿಗೊಂದು ನಮಸ್ಕಾರ ಹೇಳಿ ಒಳಗೆ ಹೋಗಬೇಕು ಅನಿಸುತ್ತದೆ ನನಗೆ.

ಒಳಗೆ ಮೊದಲ ಮೇಜಿನ ಅಧಿಕಾರಿ ನಮ್ಮ ಗುರುತಿನ ಚೀಟಿ ನೋಡುತ್ತಾರೆ, ಪಟ್ಟಿಯಲ್ಲಿ ಬೆರಳಾಡಿಸುತ್ತಾರೆ, ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಪಕ್ಕದಲ್ಲಿ ಕೂತ ಏಜೆಂಟರು ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಅವರು ಹೆಚ್ಚಾಗಿ ಅದೇ ಊರಿನವರು, ಮುಖ ಬಲ್ಲವರು. ಬಂದವರು ಆ ಹೆಸರಿನವರಲ್ಲ ಎಂದು ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ಹೆಸರನ್ನು ಕೂಗಿ ಹೇಳುವುದು ಅದಕ್ಕಾಗಿಯೇ.

ಕಾರಣ ಇಷ್ಟೇ ಆದರೂ ಆ ಕೂಗಿನಲ್ಲಿ ನನಗೆ ಇನ್ನೂ ಒಂದು ಕೇಳಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಂಗಸರನ್ನು ವರ್ಷವಿಡೀ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಇಂಥವರ ಮನೆಯವಳು, ಇಂಥವನ ಅವ್ವ, ದೊಡ್ಡಮನೆಯ ಸೊಸೆ, ಅಷ್ಟೇ. 1951-52ರಲ್ಲಿ ನಡೆದ ದೇಶದ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯಹೊರಟಾಗ ಇದೇ ಅಡ್ಡ ಬಂತು. ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕು ಎಂದರು. ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಕೊನೆಗೂ ಸಿಗದೆ, ಅಷ್ಟೂ ಜನರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಎಷ್ಟು ದೊಡ್ಡ ನಷ್ಟ! ಆದರೂ ಸೇನ್ ಹಿಡಿದ ಪಟ್ಟು ಸರಿಯಾಗಿತ್ತು ಎಂದೇ ನಾನು ನಂಬಿದ್ದೇನೆ. ಓಟು ಗಂಡನ ಬಾಲವಾಗಿ ಬರುವಂಥದ್ದಲ್ಲ. ಇವತ್ತು ಹಳ್ಳಿಯ ಶಾಲೆಯ ಕೋಣೆಯಲ್ಲಿ ಅಧಿಕಾರಿ ‘ಗೌರಮ್ಮ’ ಎಂದು ಓದಿದಾಗ, ಸೆರಗು ಸರಿಪಡಿಸಿಕೊಂಡು ‘ನಾನೇ ಸ್ವಾಮಿ’ ಎಂದು ಮುಂದೆ ಬರುವ ಅಜ್ಜಿಯನ್ನು ನೋಡಿ. ಆ ಪಟ್ಟಿನ ಫಲ ಅಲ್ಲಿ ನಿಂತಿರುತ್ತದೆ.

ಎರಡನೆಯ ಮೇಜಿನಲ್ಲಿ ಸಹಿ ಇಲ್ಲವೇ ಹೆಬ್ಬೆಟ್ಟು, ಮತ್ತೆ ಶಾಯಿ. 1962ರ ಚುನಾವಣೆಯಿಂದ ಈ ಶಾಯಿ ಬರುತ್ತಿರುವುದು ನಮ್ಮ ಮೈಸೂರಿನಿಂದ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರುಮಾಡಿಸಿದ ಬಣ್ಣದ ಕಾರ್ಖಾನೆಯಿಂದ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಎಡಗೈಯ ತೋರುಬೆರಳಿನ ಉಗುರಿನ ಮೇಲಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ. ಆ ಬೆರಳು ಇಲ್ಲದವರಿಗೆ? ಎಡಗೈಯ ಬೇರೆ ಬೆರಳು. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈ. ಎರಡೂ ಕೈಗಳಲ್ಲಿ ಬೆರಳಿಲ್ಲದಿದ್ದರೆ ತೋಳಿನ ತುದಿ. ನಿಯಮಗಳಲ್ಲಿ ಇದನ್ನು ಹೀಗೆಯೇ ಬರೆದಿಟ್ಟಿದ್ದಾರೆ. ಕೈಯಿಲ್ಲದ ಒಬ್ಬರು ಒಂದು ದಿನ ಈ ಬಾಗಿಲಿಗೆ ಬಂದೇ ಬರುತ್ತಾರೆ, ಅವರನ್ನು ಹಾಗೆಯೇ ಕಳಿಸಬಾರದು ಎಂದು ಯೋಚಿಸಿ ಬರೆದವರ ಮೇಲೆ ನನಗೆ ತುಂಬ ಗೌರವ.

ಮೂರನೆಯ ಅಧಿಕಾರಿ ಎರಡನೆಯ ಮೇಜಿನಲ್ಲಿ ನಮಗೆ ಕೊಟ್ಟ ಚೀಟಿ ಪಡೆದು, ಬೆರಳು ನೋಡಿ, ತಮ್ಮ ಮುಂದಿನ ಯಂತ್ರದ ಗುಂಡಿ ಒತ್ತುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ರಟ್ಟಿನ ಮರೆಯ ಹಿಂದೆ ಮತಯಂತ್ರದ ಹಸಿರು ದೀಪ ಹೊತ್ತಿರುತ್ತದೆ. ಬೇಕಾದ ಚಿಹ್ನೆಯ ಎದುರಿನ ನೀಲಿ ಗುಂಡಿ ಒತ್ತಿದರೆ ಅದರ ಪಕ್ಕದಲ್ಲಿ ಕೆಂಪು ದೀಪ. ವಿವಿಪ್ಯಾಟ್‌ನ ಗಾಜಿನ ಹಿಂದೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣಿಸಿ ಕೆಳಗೆ ಬೀಳುತ್ತದೆ. ಕಣ್ಣು ಕಾಣದವರಿಗೆ ಬೆರಳಿಗೆ ಸಿಗುವಂತೆ ಬ್ರೈಲ್ ಅಂಕಿಗಳಿವೆ. ಯಾರೂ ಬೇಡ ಎನ್ನುವವರಿಗೂ 2013ರಿಂದ ಪಟ್ಟಿಯ ಕೊನೆಯಲ್ಲಿ ನೋಟಾ ಇದೆ. ಸ್ವಲ್ಪ ಹೊತ್ತಿನ ಹಿಂದೆ ಎಲ್ಲರಿಗೂ ಕೇಳುವಂತೆ ನಮ್ಮ ಹೆಸರು ಕೂಗಿದ ಅದೇ ಕೋಣೆ, ನಮ್ಮ ಆಯ್ಕೆಯನ್ನು ಮಾತ್ರ ಯಾರೂ ಕೇಳಬಾರದು ಎನ್ನುತ್ತದೆ. ಬಂದದ್ದು ಯಾರು ಎಂಬುದು ಊರಿಗೆಲ್ಲ ತಿಳಿಯಬೇಕು. ಒತ್ತಿದ್ದು ಯಾವ ಗುಂಡಿ ಎಂಬುದು ಯಾರಿಗೂ ತಿಳಿಯಬಾರದು. ಸಹಿ ಮಾಡಿದ ಪುಸ್ತಕದಲ್ಲೂ ಅದು ದಾಖಲಾಗುವುದಿಲ್ಲ.

ಸಾಲ ಕೊಟ್ಟ ಸಾಹುಕಾರ, ಕೆಲಸ ಕೊಟ್ಟ ಧಣಿ, ಮನೆಯ ಯಜಮಾನ, ಜಾತಿಯ ಮುಖಂಡ, ಇವರ ಯಾರ ಕಣ್ಣೂ ಆ ರಟ್ಟಿನಾಚೆ ದಾಟುವುದಿಲ್ಲ. ನಮ್ಮ ಕಡೆ ದುಡ್ಡು ಕೊಟ್ಟು, ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುವುದುಂಟು. ಬಡವರ ದೈವಭಕ್ತಿಯನ್ನು ಹೀಗೆ ಅಡವಿಟ್ಟುಕೊಳ್ಳುವುದು ಪಾಪ. ಹೆದರಿಸಿ ಪಡೆದ ಆಣೆ ಯಾವ ದೇವರಿಗೂ ಸಲ್ಲುವುದಿಲ್ಲ ಎಂದು ಹಿರಿಯರು ಮನೆಮನೆಯಲ್ಲಿ ಹೇಳಬೇಕು.

ಸಂಜೆ ಬಾಗಿಲು ಹಾಕುವ ಹೊತ್ತಾದರೂ ಸಾಲಿನಲ್ಲಿದ್ದವರನ್ನು ಕೈಬಿಡುವುದಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಸಾಲಿನ ಕೊನೆಯವರಿಂದ ಶುರುಮಾಡಿ ಮುಂದಕ್ಕೆ ಚೀಟಿ ಕೊಡಿಸುತ್ತಾರೆ. ತಡವಾಗಿ ಬಂದವರು ಹಿಂದೆ ಸೇರಿಕೊಳ್ಳುವಂತಿಲ್ಲ. ಹೊತ್ತಿಗೆ ಬಂದವರಿಗೆ ಎಷ್ಟು ಹೊತ್ತಾದರೂ ಓಟು ತಪ್ಪುವುದಿಲ್ಲ.

ಇಷ್ಟು ಜೋಪಾನವಾದ ಏರ್ಪಾಡು ಇದ್ದೂ, ಆ ದಿನ ಬೆಳಿಗ್ಗೆ ಹೋಗಿ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮರಳುವವರನ್ನು ಕಂಡರೆ ಸಂಕಟವಾಗುತ್ತದೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಈ ವಾರವೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಓ) ಅವರನ್ನು ಕೇಳಿ. ಹೆಸರಿಲ್ಲದಿದ್ದರೆ ನಮೂನೆ 6, ಮನೆ ಬದಲಾಗಿದ್ದರೆ ನಮೂನೆ 8. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿದ್ದಾರೆ ಎಂದು ಮತಗಟ್ಟೆಯಲ್ಲಿ ಹೇಳಿದರೆ ಸುಮ್ಮನೆ ಮನೆಗೆ ಬರಬೇಡಿ. ಅಧ್ಯಕ್ಷಾಧಿಕಾರಿಯ ಬಳಿ ಹೋಗಿ, ನೀವು ಯಾರೆಂದು ತೋರಿಸಿ, ಟೆಂಡರ್ ಮತಪತ್ರ ಕೇಳಿ. ಅದನ್ನು ಕೊಡಬೇಕೆಂದು ಕಾನೂನೇ ಹೇಳುತ್ತದೆ. ಮನೆಯಲ್ಲಿ ಹದಿನೆಂಟು ತುಂಬಿದ ಮಗಳಿದ್ದರೆ, ಊರಿಂದ ಬಂದು ನಿಮ್ಮೊಡನೆ ಇರುವ ತಾಯಿಯಿದ್ದರೆ, ಅವರ ಹೆಸರನ್ನೂ ಪಟ್ಟಿಯಲ್ಲಿ ನೋಡಿಬಿಡಿ.