ಇಂದಿನ ಧಮ್ಮ ಚಿಂತನೆ: ಗೋಡೆ ಮತ್ತು ಪೊರೆ





ನಮ್ಮ ಪಂಚನಹಳ್ಳಿ ಕಡೆ ಈರುಳ್ಳಿ ಹೊಸದಲ್ಲ. ಶಾಲೆಯಲ್ಲಿ ಮಕ್ಕಳು ಕೆಂಪು ಈರುಳ್ಳಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು. ಗಟ್ಟಿ ಉಪ್ಪುನೀರು ಬಿಟ್ಟರೆ ಹೊರಗಿನ ಕೋಶಭಿತ್ತಿ ಇದ್ದಲ್ಲೇ ಇರುತ್ತದೆ. ಒಳಗಿನ ಜೀವರಸ ನೀರು ಕಳೆದುಕೊಂಡು ಪೊರೆಸಮೇತ ಮುದುಡುತ್ತದೆ.

ಭಿತ್ತಿ ಆಕಾರ ಕೊಡುತ್ತದೆ, ಜೀವ ಕಾಯುವುದು ಪೊರೆ. ಹಳಗನ್ನಡದಲ್ಲಿ ‘ಪೊರೆ’ ಎಂದರೆ ಸಲಹು ಎಂದೂ ಅರ್ಥ. ಅದರ ದಪ್ಪ ಸುಮಾರು 7–8 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ನೀರನ್ನು ಬಯಸುವ ತಲೆ, ನೀರಿನಿಂದ ದೂರ ಸರಿಯುವ ಬಾಲಗಳಿರುವ ಕೊಬ್ಬಿನ ಅಣುಗಳು ಎರಡು ಸಾಲಾಗಿ, ಬಾಲಗಳನ್ನು ಒಳಗಿಟ್ಟು ನಿಂತಿವೆ. ನಡುವೆ ಪ್ರೋಟೀನಿನ ಬಾಗಿಲುಗಳು. ಆಮ್ಲಜನಕ ತಾನಾಗಿ ದಾಟುತ್ತದೆ. ಆದರೆ ನಮ್ಮ ಮೈಯ ಕೋಶಗಳಲ್ಲಿ ಒಂದು ಪಂಪು ಪ್ರತಿ ಸಲ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳತರಲು ಶಕ್ತಿ ವ್ಯಯಿಸುತ್ತಲೇ ಇರಬೇಕು. ಅದು ನಿಂತರೆ ಕೋಶ ಉಬ್ಬಿ ಸಾಯುತ್ತದೆ.

ಸಂಯುತ್ತ ನಿಕಾಯದಲ್ಲಿ ಭಗವಾನ್ ಬುದ್ಧರು ದೇಹವನ್ನು ಆರು ಬಾಗಿಲಿನ ಪಟ್ಟಣಕ್ಕೆ ಹೋಲಿಸುತ್ತಾರೆ. ಬಾಗಿಲುಗಳು ಆರು ಇಂದ್ರಿಯಗಳು. ಕಾವಲುಗಾರ ಸತಿ, ಎಂದರೆ ಎಚ್ಚರ. ಬಾಗಿಲು ಇರಲಿ, ಕಾವಲೂ ಇರಲಿ ಎಂಬುದು ಅಲ್ಲಿಯ ಪಾಠ. ಆ ಪಂಪಿನಂತೆ ಶೀಲವೂ ದಿನದಿನದ ದುಡಿಮೆ. ದೀಕ್ಷೆ ಪಡೆದ ದಿನಕ್ಕೇ ಮುಗಿಯುವುದಿಲ್ಲ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ‘ಸೋಷಿಯಲ್ ಎಂಡಾಸ್ಮಾಸಿಸ್’ ಎಂಬ ಪದ ಬಳಸಿದರು. ಅವರ ಗುರು ಜಾನ್ ಡ್ಯೂಯಿ ಬಳಸಿದ್ದ ಪದವದು. ಜೀವಶಾಸ್ತ್ರದಲ್ಲಿ ಅದರ ಅರ್ಥ, ಪೊರೆಯ ಮೂಲಕ ನೀರು ಒಳಕ್ಕೆ ಹರಿಯುವುದು. ಜನರ ನಡುವೆಯೂ ಅಂಥ ಹರಿವು ಇರಬೇಕೆಂದರು. ಜಾತಿ ಆ ಹರಿವನ್ನು ತಡೆದ ಗೋಡೆ. 1927ರಲ್ಲಿ ಮಹಾಡದ ಚೌಡಾರ್ ಕೆರೆಯ ನೀರು ಮುಟ್ಟಿ ಅವರು ದಾಟಿದ್ದು ಆ ಗೋಡೆಯನ್ನೇ.

ಊರು ನಮ್ಮನ್ನು ಗೋಡೆಯಾಚೆ ಇಟ್ಟದ್ದು ನಿಜ. ಆದರೆ ದೀಕ್ಷೆಯ ನಂತರವೂ ಹೆಣ್ಣು ಕೇಳಲು ಬಂದವರನ್ನು ‘ಎಡವೋ, ಬಲವೋ?’ ಎಂದು ಮೆಲ್ಲಗೆ ವಿಚಾರಿಸುವುದು ನಿಂತಿದೆಯೇ? ನನ್ನ ಮನೆಯಲ್ಲೂ ಆ ಮಾತು ಬಂದಿದೆ. ಕುಡಿತ ಬಂದರೆ ಬಾಗಿಲು ತೆರೆಯುತ್ತದೆ, ಧಮ್ಮಬಂಧುವಿನ ಮಗ ಬಂದರೆ ಮುಚ್ಚುತ್ತದೆ. ಕಾವಲೇ ತಿರುಗುಮುರುಗಾಗಿದೆ.

ಇವತ್ತು ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಎರಡು ನಿಮಿಷ ಕುಳಿತು ಕೇಳಿಕೊಳ್ಳೋಣ: ಇಂದು ಯಾವುದನ್ನು ಒಳಗೆ ಬಿಟ್ಟೆ? ಯಾರನ್ನು ಹೊರಗೆ ನಿಲ್ಲಿಸಿದೆ?

ಭವತು ಸಬ್ಬ ಮಂಗಳಂ. ಜೈ ಭೀಮ್.